ಬೊಚ್ಚುಬಾಯಿಯವಳನ್ನು ಬೆಂಕಿಗೆ ಹಾಕಿದವರು

“ಬೆಂಕಿ ಇರ್ಬೇಕು ಮೇಡಂ. ಬೆಂಕಿ ಇಲ್ದಿದ್ರೆ ಜನ ಅರ್ಧಕ್ಕೇ ಎದ್ದೋಗ್ಬುಡ್ತಾರೆ.”

ಕೆರೆ ಸಮಿತಿಯ ಅಧ್ಯಕ್ಷರು ಇದನ್ನು ಹೇಳಿದ್ದು ಅವರ ಮನೆಯ ಜಗಲಿಯ ಮೇಲೆ, ನನ್ನ ಕೈಗೆ ಕಾಫಿ ಲೋಟ ಬಂದ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರು ದಾಟಿ ಒಳಗೆ ಹೋದರೆ ಸಿಗುವ ಊರು ಅದು. ಕೆರೆಯ ಹೂಳು ತೆಗೆಸಿದ್ದರು, ಏರಿ ಗಟ್ಟಿ ಮಾಡಿಸಿದ್ದರು, ಕಾಲುವೆಯ ನೀರು ಬಂದು ಕೆರೆ ತುಂಬಿತ್ತು. ತೂಬು ಎತ್ತಿ ಗದ್ದೆಗಳಿಗೆ ಮೊದಲ ನೀರು ಬಿಡುವ ದಿನಕ್ಕೆ ಸಮಾರಂಭ ಗೊತ್ತಾಗಿತ್ತು. ಅದರ ಹಿಂದಿನ ದಿನ ಸಮುದಾಯ ಭವನದಲ್ಲಿ ಊರಿನ ಇತಿಹಾಸದ ಸಾಕ್ಷ್ಯಚಿತ್ರ ತೋರಿಸಬೇಕು ಎಂದು ಹಾಸನದ ನಮ್ಮ ಸ್ಟುಡಿಯೋಗೆ ಹೇಳಿ ಕಳಿಸಿದ್ದರು. ನಮ್ಮ ಸ್ಟುಡಿಯೋ ಬದುಕುವುದು ಮದುವೆ, ಗೃಹಪ್ರವೇಶಗಳ ಮೇಲೆ. ಇಂಥ ಕೆಲಸ ಬಂದರೆ ಮಾತು ಬರೆಯುವವಳು, ಜನರನ್ನು ಮಾತಾಡಿಸುವವಳು, ಎಡಿಟಿಂಗಿಗೆ ಕೂರುವವಳು ನಾನು. ಜೊತೆಗೆ ಕ್ಯಾಮೆರಾ ಹಿಡಿಯಲು ಒಬ್ಬ ಗೆಳೆಯ. ಶ್ರವಣಬೆಳಗೊಳದಲ್ಲಿ ಅವನ ಮನೆಯವರದು ಪಾತ್ರೆ ಅಂಗಡಿ.

“ಕೊನೇಗೆ ರಾಣಿ ಅಂಗೇ ನಡ್ಕಂಡೋಗ್ಬೇಕು, ಇಂದೆ ಮುಂದೆ ಉರಿ. ಗ್ರಾಫಿಕ್ಸಲ್ಲಿ ಮಾಡ್ಬುಡಿ,” ಅಂದರು ಅಧ್ಯಕ್ಷರು.

ರಾಣಿ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಊರ ಬಾಗಿಲಲ್ಲೇ ಫ್ಲೆಕ್ಸ್ ಕಟ್ಟಿದ್ದರು: ನಾಯಕಿ, ಹಾರುವ ಕೂದಲು, ಬೆನ್ನ ಹಿಂದೆ ಜ್ವಾಲೆ. ಕೆಲವು ವರ್ಷಗಳ ಹಿಂದೆ ಬಂದ ಐತಿಹಾಸಿಕ ಸಿನಿಮಾದ ಚಿತ್ರ ಅದು. ಆ ಸಿನಿಮಾದ ಕತೆ ಬರೆದವರು ಈ ಊರಿಗೆ ಒಂದು ಮಧ್ಯಾಹ್ನ ಬಂದು, ಏರಿಯ ಮೇಲೆ ತೂಬಿನ ಪಕ್ಕ ಇರುವ, ಹೆಂಗಸಿನ ಕೆತ್ತನೆಯ ಕಲ್ಲನ್ನು ನೋಡಿ, ಫೋಟೊ ತೆಗೆದುಕೊಂಡು, ಎಳನೀರು ಕುಡಿದು ಹೋಗಿದ್ದರಂತೆ. ಆಮೇಲೆ ಕಲ್ಲಿನ ಹೆಂಗಸು ಪರದೆಯ ಮೇಲೆ ಪಾಳೆಯಗಾರನ ಹೆಂಡತಿಯಾದಳು. ಗಂಡ ಯುದ್ಧದಲ್ಲಿ ಸತ್ತ, ಇವಳು ಬಿಳಿ ಕುದುರೆ ಹತ್ತಿ ಒಂದು ಹಾಡಿನಷ್ಟು ಹೊತ್ತು ಕತ್ತಿ ಬೀಸಿದಳು, ಶತ್ರು ಕೋಟೆಯೊಳಗೆ ನುಗ್ಗಿದಾಗ ಮದುವೆಯ ಸೀರೆಯುಟ್ಟು ಬೆಂಕಿಗೆ ನಡೆದಳು. ಥಿಯೇಟರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹಾಸನದಲ್ಲಿ ನೋಡಿದ್ದೆ. ಚಪ್ಪಾಳೆ ಯಾವುದಕ್ಕೆ ಎಂದು ಪಕ್ಕದವರನ್ನು ಕೇಳಿ ಬೈಸಿಕೊಂಡಿದ್ದೆ.

ಅಲ್ಲ, ಕೇಳುವುದರಲ್ಲಿ ತಪ್ಪೇನಿದೆ? ಇಂಥ ಸಿನಿಮಾಗಳಲ್ಲಿ ನಾಯಕನಿಗೆ ವಯಸ್ಸಾಗುತ್ತದೆ. ಗಡ್ಡ ಬೆಳ್ಳಗಾಗುತ್ತದೆ, ಹಣೆಯಲ್ಲಿ ಗೆರೆ ಬೀಳುತ್ತದೆ, ಗೆರೆ ಬಿದ್ದಷ್ಟೂ ಮಾತಿಗೆ ತೂಕ ಬರುತ್ತದೆ. ನಾಯಕಿಗೆ ಮಾತ್ರ ಮೂವತ್ತು ತುಂಬುವುದಿಲ್ಲ. ಆರತಿ ಎತ್ತಬೇಕು, ಕಣ್ಣೀರು ಹಾಕಬೇಕು, ಕೊನೆಗೆ ಸಾಯಬೇಕು. ಕಾಲ ಬದಲಾಗಿದೆ ಎಂದು ತೋರಿಸಲು ನಡುವೆ ಒಂದು ಕತ್ತಿ. ಗಂಡ ಸತ್ತ ಮೇಲೂ ನಲವತ್ತು ವರ್ಷ ಬದುಕಿದವಳ ಬಗ್ಗೆ ಸಿನಿಮಾ ಮಾಡಿದರೆ ಕ್ಲೈಮ್ಯಾಕ್ಸಿಗೆ ಏನು ಹಾಕುವುದು? ಬೆಳಿಗ್ಗೆ ಎದ್ದು ನೀರು ಹಂಚಿದಳು ಅಂತಲೇ? ಬೆಳಗೊಳದ ಶಾಸನಗಳಲ್ಲಿ ಬಸದಿ ಕಟ್ಟಿಸಿದ ಹೆಂಗಸರು, ದತ್ತಿ ಬಿಟ್ಟ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಬೆಂಕಿಗೆ ಬೀಳದ ತಪ್ಪಿಗೆ ಅವರಿಗೆ ಒಂದು ಹಾಡೂ ಸಿಕ್ಕಿಲ್ಲ.

ಇದಿಷ್ಟೂ ನನ್ನ ಬಾಯಲ್ಲಿತ್ತು. ಆದರೆ ಕೈಯಲ್ಲಿ ಅವರ ಕಾಫಿ ಇತ್ತು. ನೋಡೋಣ ಸರ್ ಅಂದೆ.

ಅವತ್ತೇ ಮಧ್ಯಾಹ್ನ ಊರಿನ ಒಬ್ಬರು ಅಕ್ಕನನ್ನು ಭೇಟಿಯಾದೆ. ವರ್ಷವರ್ಷವೂ ತೂಬಿನ ಚಕ್ರಕ್ಕೆ ಮೊದಲು ಕೈ ಹಚ್ಚಿ ತಿರುಗಿಸುವುದು ಊರಿನ ಒಂದು ಮನೆಯ ಹೆಣ್ಣುಮಗಳ ಹಕ್ಕು. ಸೊಸೆಯಲ್ಲ, ಮಗಳು. ಅವಳು ಒಂದು ಸುತ್ತು ತಿರುಗಿಸಿದ ಮೇಲೆ ಉಳಿದದ್ದನ್ನು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ನೋಡಿಕೊಳ್ಳುತ್ತಾನೆ. ಮದುವೆಯಾದ ಹೆಣ್ಣುಮಕ್ಕಳು ಬೇರೆ ಊರಲ್ಲಿರುತ್ತಾರಲ್ಲ, ಹಾಗಾಗಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳೇ ಹೆಚ್ಚಾಗಿ ಈ ಕೆಲಸ ಮಾಡುತ್ತಿದ್ದಳು. ಅಕ್ಕನಿಗೆ ಮೊದಲು ಅವರ ಸೋದರತ್ತೆ, ಅವರೂ ವಿಧವೆ. ಈಗ ಅಕ್ಕ. ಐವತ್ತರ ಆಸುಪಾಸು, ಹಿತ್ತಲಲ್ಲಿ ಕೂತು ರಾಗಿ ಕೇರುತ್ತಿದ್ದರು.

“ಈ ಸಲ ದೊಡ್ಡ ಸಮಾರಂಭ, ನೀನ್ ಬ್ಯಾಡ ಅಂದ್ರು ಕಣವ್ವ,” ಅಂದರು, ಮೊರ ನಿಲ್ಲಿಸದೆ. “ರಾಣಿ ಬೆಂಕಿಗ್ ಬಿದ್ದು ಮುತ್ತೈದೆಯಾಗೇ ಸತ್ತೋಳು. ಅಂಥೋಳ್ ಮುಂದೆ ನಾನು ನಿಂತ್ಕಂಡ್ರೆ ಒಳ್ಳೇದಲ್ವಂತೆ. ಅಧ್ಯಕ್ಷ್ರ ಎಂಡ್ತಿ ತಿರುಗುಸ್ತಾರಂತೆ.”

“ಯಾರಕ್ಕ ಹಂಗಂದಿದ್ದು?”

“ಮೊದ್ಲು ಅಧ್ಯಕ್ಷ್ರು. ಆಮೇಲೆ ಎಲ್ರೂವೆ.”

“ನೀವೇನಂದ್ರಿ?”

“ನಾನೇನನ್ಲಿ? ನಾನೂ ಸಿನ್ಮಾ ನೋಡಿವ್ನಿ. ಅತ್ತೂ ಇವ್ನಿ.” ಮೊರದಿಂದ ಹೊಟ್ಟು ಹಾರಿತು. ನನ್ನ ಕಡೆ ನೋಡದೆ ಹೇಳಿದರು: “ಬೇರೆ ದಿನ ನಾನು ಎದುರ್ಗೆ ಬಂದ್ರೆ ಸುಬಕಾರ್ಯಕ್ಕೆ ಒಂಟೋರು ನಿಂತ್ಕಂಬುಡ್ತಾರೆ. ತೂಬೆತ್ತೋ ದಿನ ಮಾತ್ರ ಯಾರೂ ಮಕ ತಿರುಗ್ಸಲ್ಲ. ಆ ಚಕ್ರ ಮುಟ್ಟುದ್ರೆ ತಣ್ಣಗಿರ್ತದೆ ಕಣವ್ವ. ನೀರು ಒಂಟಾಗ ಒಳ್ಗಿಂದ ನಡುಗ್ತದೆ. ಅದೊಂದು... ಓಗ್ಲಿ ಬುಡು.”

ನನಗೆ ಮೈ ಉರಿಯಿತು. ಯಾವುದೋ ಸ್ಟುಡಿಯೋದಲ್ಲಿ ಹಸಿರು ಪರದೆಯ ಮುಂದೆ ನಡೆದ ನಾಯಕಿ, ಇಲ್ಲಿ ಜೀವಂತ ಹೆಂಗಸೊಬ್ಬಳ ಕೈಯನ್ನು ಚಕ್ರದಿಂದ ಕಿತ್ತಿದ್ದಳು. ‘ಬರೀ ಸಿನಿಮಾ ತಾನೇ, ಅಷ್ಟು ತಲೆ ಕೆಡಿಸಿಕೊಳ್ಳಬೇಡಿ’ ಎನ್ನುವವರನ್ನೆಲ್ಲ ಆ ಹಿತ್ತಲಿಗೆ ಕರೆತಂದು ಕೂರಿಸಬೇಕು ಅನ್ನಿಸಿತು.

ಕೆಲಸ ಶುರು ಮಾಡಿದೆವು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ಎದುರಾಳಿಯ ವಾದದ ಬೇರು ಎಲ್ಲಿದೆಯೆಂದು ಹುಡುಕುವುದು. ಸಿನಿಮಾಗೆ ಮುಂಚೆ ಈ ಊರಿಗೆ ಬೇರೆ ಕತೆ ಇದ್ದೇ ಇರಬೇಕು. ಹಳಬರನ್ನು ಮಾತಾಡಿಸಿದರೆ ಹೊರಬರುತ್ತದೆ ಎಂದು ಲೆಕ್ಕ ಹಾಕಿದೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಅವರವರ ಮನೆಯಲ್ಲೇ ಕೂರಿಸಿ, ಕಾಲರಿಗೋ ಸೆರಗಿಗೋ ಪುಟ್ಟ ಮೈಕು ಸಿಕ್ಕಿಸಿ, ಮೊದಲು ಬೆಳೆ, ದನ, ಮೊಮ್ಮಕ್ಕಳ ಮಾತಾಡಿ, ಕ್ಯಾಮೆರಾ ಮರೆತ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ವರಸೆಯಲ್ಲಿ ಕೇಳಿದೆ. ಏರಿಯ ಮೇಲಿನ ಕಲ್ಲು ಯಾರದು? ಅವಳಿಗೆ ಏನಾಯಿತು? ನಡುವೆ ಒಂದು ಬಲೆ ಇಟ್ಟಿದ್ದೆ: ಕುದುರೆಯ ಬಣ್ಣ ಯಾವುದು?

ಬಿಳಿ.

ಎಲ್ಲರೂ ಬಿಳಿ ಅಂದರು. ಗಂಡಸರು, ಹೆಂಗಸರು, ಹಲ್ಲು ಬಿದ್ದವರು, ಶಾಲೆಗೆ ಹೋಗುವವರು. ಕೆಲವರು ಕುದುರೆಯ ಹಣೆಯ ಮೇಲಿನ ಕೆಂಪು ಗೊಂಡೆಯನ್ನೂ ಹೇಳಿದರು. ಅಧ್ಯಕ್ಷರ ತಾಯಿ, ಊರಿಗೇ ಹಿರಿಯರು, “ಬಿಳೀದು ಕಣವ್ವ, ಆಲಿನಂಗೆ. ನಮ್ಮತ್ತೆ ಏಳೋರು, ಅವ್ರಜ್ಜಿ ಕಣ್ಣಾರೆ ಕಂಡಿದ್ರಂತೆ,” ಎಂದು ಕೈಮುಗಿದರು.

“ಒಬ್ರಾದ್ರೂ ಕಂದು ಅನ್ಬಾರ್ದಾ,” ಅಂದ ಗೆಳೆಯ ಟ್ರೈಪಾಡ್ ಮಡಚುತ್ತ. “ಅವ್ರಿಗೆ ನಾನೇ ಟೀ ಕುಡಿಸ್ತಿದ್ದೆ.”

ಸುಳ್ಳು ಹೇಳುತ್ತಿದ್ದರೆ ಹಿಡಿಯಬಹುದಿತ್ತು. ಆದರೆ ಅವರು ನೆನಪಿಸಿಕೊಳ್ಳುತ್ತಿದ್ದರು. ಕಣ್ಣು ಅರ್ಧ ಮುಚ್ಚಿ, ನಿಜವಾದ ನೆನಪಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ನೆನಪಿಸಿಕೊಳ್ಳುತ್ತಿದ್ದರು. ಸಿನಿಮಾ ಅವರ ತಲೆಗೆ ಹೊಸ ಕತೆಯಾಗಿ ಬಂದಿರಲಿಲ್ಲ. ಅವರ ಅಜ್ಜಿಯರ ದನಿಯಲ್ಲಿ ಬಂದು ಕೂತಿತ್ತು.

ಮುಂದಿನ ಪ್ರಯತ್ನ ಕಲ್ಲು. ಗಂಡನೊಂದಿಗೆ ಸತ್ತ ಹೆಂಗಸಿಗೆ ನಿಲ್ಲಿಸುವ ಮಾಸ್ತಿಕಲ್ಲುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಸಾಮಾನ್ಯವಾಗಿ ಬಳೆ ತೊಟ್ಟ ಕೈಯೊಂದು ಮೇಲೆದ್ದಿರುತ್ತದೆ. ಈ ಕಲ್ಲಿನಲ್ಲಿ ಆ ಕೈ ಇಲ್ಲವೆಂದು ತೋರಿಸಿಬಿಟ್ಟರೆ ಮುಗಿಯಿತಲ್ಲ? ಅಕ್ಕನೇ ಬಂದು, ಸಿನಿಮಾ ನಂತರ ರಾಶಿ ಬಿದ್ದಿದ್ದ ಬಳೆಗಳನ್ನು ಜರುಗಿಸಿ, ಕುಂಕುಮ ತೊಳೆದು ಕೊಟ್ಟರು. ಸಂಜೆ ಬೆಳಕು ಇಳಿದ ಮೇಲೆ ಗೆಳೆಯ ದೀಪವನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಹೊಡೆದ. ಹಾಗೆ ಹೊಡೆದರೆ ಕಣ್ಣಿಗೆ ಕಾಣದ ಗೀರೂ ನೆರಳಾಗಿ ಏಳುತ್ತದೆ. ಕೂತ ಭಂಗಿಯ ಹೆಂಗಸು ಎದ್ದಳು. ಮುಖವಿಲ್ಲ, ತಲೆಮಾರುಗಳ ಎಣ್ಣೆ, ಅಂಗೈಗಳು ಅದನ್ನು ಸವೆಸಿದ್ದವು.

“ಕೈ ಇಲ್ಲ ನೋಡೋ! ಎದ್ದ ಕೈ ಇಲ್ಲವೇ ಇಲ್ಲ!” ಅಂದೆ.

“ಎಡಗಡೆ ಒಂದು ಉಬ್ಬು ಐತಲ್ಲೇ. ಅದು ಕೈಯೂ ಇರ್ಬೋದು, ಕಲ್ಲೂ ಇರ್ಬೋದು. ನಿಂಗೆ ಏನು ಬೇಕೋ ಅದು ಕಾಣ್ತೈತೆ ಅಷ್ಟೆ.”

ಅವನು ಹೇಳಿದ್ದು ಸರಿ. ಅಧ್ಯಕ್ಷರಿಗೆ ಆ ಚಿತ್ರ ತೋರಿಸಿದಾಗ ಅವರೂ ಅದನ್ನೇ ಹೇಳಿದರು, ತಿರುಗಿಸಿ. “ಕೈ ಸವೆದೋಗದೆ ಮೇಡಂ. ನೀವು ಇಲ್ಲ ಅಂತೀರಿ, ನಾನು ಸವೆದೋಯ್ತು ಅಂತೀನಿ. ಪ್ರೂಫ್ ಐತಾ ನಿಮ್ತಾವ?”

“ಸುಟ್ಟುಕೊಂಡಳು ಅನ್ನೋದಕ್ಕೆ ನಿಮ್ಮ ಹತ್ರ ಪ್ರೂಫ್ ಇದೆಯಾ ಸರ್? ಹೇಳಿದವರು ತಾನೇ ತೋರಿಸಬೇಕು?”

“ಸಿನ್ಮಾ ಐತಲ್ಲ.”

“ಸಿನಿಮಾ ಪ್ರೂಫಾ?”

“ದೇಸಕ್ ದೇಸ್ವೇ ನೋಡದೆ ಮೇಡಂ.” ಆಮೇಲೆ ಅವರ ದನಿ ತಗ್ಗಿತು. ಜಗಳ ಬಿಟ್ಟು, ಬುದ್ಧಿ ಹೇಳುವವರ ಹಾಗೆ: “ನೋಡಿ, ಬೆಳಗೊಳಕ್ಕೆ ಬರೋ ಜನ ಈಗ ರಾಣಿ ಕಲ್ಲು ಎಲ್ಲಿ ಅಂತ ಕೇಳ್ಕಂಡು ಇಲ್ಗೂ ಬತ್ತಾವ್ರೆ. ನಮ್ಮೂರು ಅಂದ್ರೆ ಯಾವನ್ಗೂ ಗೊತ್ತಿರ್ಲಿಲ್ಲ. ಈ ಹೆಸ್ರು ತೋರ್ಸಿ, ಓಡಾಡಿ, ಕೆರೆ ಕೆಲ್ಸ ತಂದಿವ್ನಿ ನಾನು. ನೀವು ಬಂದು ಯಾರೋ ಒಂದು ಹೆಂಗ್ಸು ಅಂದ್ಬುಟ್ರೆ? ಯಾರೋ ಹೆಂಗ್ಸನ್ನ ನೋಡಕ್ಕೆ ಯಾವನ್ ಬತ್ತಾನೆ?”

ಕೆರೆ ತುಂಬಿದ್ದು ಸುಳ್ಳಲ್ಲ. ಆದರೆ ಒಬ್ಬಳು ಸುಟ್ಟುಕೊಂಡರೆ ಮಾತ್ರ ಊರಿಗೆ ಹೆಸರು ಅನ್ನುವುದಾದರೆ ಅದು ಯಾವ ಊರು, ಎಂಥ ಹೆಸರು?

ಹಾಗಾದರೆ ಸಿನಿಮಾದ ಗಾಳಿ ತಾಗದವರು ಬೇಕು. ಬಹಳ ಹಿಂದೆಯೇ ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು. ಅಕ್ಕ ಇಬ್ಬರ ವಿಳಾಸ ಕೊಟ್ಟರು, ಒಬ್ಬರು ಹೊಳೆನರಸೀಪುರದಲ್ಲಿ, ಇನ್ನೊಬ್ಬರು ಅರಕಲಗೂಡಿನ ಕಡೆ.

ಹೊಳೆನರಸೀಪುರದವರು ನಮ್ಮನ್ನು ಕಂಡು ತವರಿನವರೇ ಬಂದಷ್ಟು ಸಂತೋಷಪಟ್ಟರು. ಉಪ್ಪಿಟ್ಟು ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಫೋನ್ ತೆಗೆದು ಬೆಂಕಿಯ ದೃಶ್ಯವನ್ನೇ ನಮಗೆ ತೋರಿಸಿದರು. “ನಮ್ಮೂರ್ ಮಗ್ಳು ಕಣವ್ವ ಇವ್ಳು. ಬ್ಯಾಸರ ಆದಾಗೆಲ್ಲ ನೋಡ್ಕತೀನಿ.” ಕುದುರೆಯ ಬಣ್ಣ ಕೇಳುವ ಧೈರ್ಯವೇ ಆಗಲಿಲ್ಲ. ಮಗಳನ್ನು ಬೆಂಕಿಗೆ ಕಳಿಸಿದವರ ಹೆಮ್ಮೆ ಅವರ ಮುಖದಲ್ಲಿತ್ತು. ಬಸ್ ನಿಲ್ದಾಣದಲ್ಲಿ ಕೂತು ನಾನು ಎಷ್ಟು ಬೈದೆನೆಂದರೆ ಗೆಳೆಯ ಎದ್ದು ಬೇರೆ ಬೆಂಚಿಗೆ ಹೋದ.

ಅರಕಲಗೂಡಿನವರ ಮನೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ. ಎಂಬತ್ತು ದಾಟಿರಬೇಕು, ಕಣ್ಣು ಮಂದ. ಸಿನಿಮಾ ನೋಡಿದ್ದೀರಾ ಎಂದು ಮೊದಲೇ ಕೇಳಿದೆ.

“ಸಿನ್ಮಾನಾ? ಎದುರ್ಗೆ ಕುಂತಿರೋ ನೀನೇ ಕಾಣಕಿಲ್ಲ ನಂಗೆ.”

ಎದೆ ಹಗುರವಾಯಿತು. “ಏರಿಯ ಮೇಲಿನ ಕಲ್ಲು ಯಾರದು ಅಜ್ಜಿ?”

“ಏರಿಯಮ್ಮಂದು.”

ರಾಣಿ ಅನ್ನಲಿಲ್ಲ! “ಕುದುರೆ ಯಾವ ಬಣ್ಣ?”

“ಕುದ್ರೆನಾ? ನಮ್ಮೂರಲ್ಲಾ?” ಅಜ್ಜಿ ನಕ್ಕರು. “ಎಮ್ಮೆ ಇದ್ವು ಕಣ್ ಮಗಾ.”

“ಏರಿಯಮ್ಮನ ಕತೆ ಏನು ಅಜ್ಜಿ? ಅವಳಿಗೆ ಏನಾಯ್ತು?”

“ಅದ್ಯಾವುದ್ ನಂಗ್ ಗೊತ್ತು? ಕತೆ ಗಿತೆ ಯಾರೂ ಏಳ್ಲಿಲ್ಲ. ಎಡೆ ಮಾಡ್ತಿದ್ವು, ತಗಂಡೋಗಿ ಇಕ್ತಿದ್ವು, ಬತ್ತಿದ್ವು.”

ಅಷ್ಟೇ. ಇಷ್ಟು ದೂರ ಬಂದು ಸಿಕ್ಕ ಸಾಕ್ಷಿಗೆ ಕತೆಯೇ ಗೊತ್ತಿರಲಿಲ್ಲ. ಗೆಳೆಯ ಮೈಕು ಬಿಚ್ಚಲು ಎದ್ದ. ಅಜ್ಜಿ ತಮ್ಮಷ್ಟಕ್ಕೆ ಮಾತು ಮುಂದುವರಿಸಿದರು: “ಆಲ್ ಮುದ್ದೆ ಇಕ್ತಾರಾ ಈಗ್ಲೂ? ಬಿಸಿ ಮುದ್ದೆನ ಆಲಲ್ಲಿ ಕಿವುಚೋದು. ಒಂದು ಗಂಟೂ ಇರ್ಬಾರ್ದು. ಕಾಯಿಚೂರು, ಕಡ್ಲೆ ಏನೂ ಸೋಕುಸ್ಬಾರ್ದು. ಗಂಟಿದ್ರೆ ನಮ್ಮವ್ವ ಸೌಟಲ್ಲೇ ಇಕ್ತಿದ್ಲು.”

“ಯಾಕಜ್ಜಿ ಗಂಟಿರಬಾರದು?”

“ಯಾಕೋ ಕಣವ್ವ. ಇರ್ಬಾರ್ದು ಅಷ್ಟೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ ತಿರುಗಿತು. ನಾನು ಊರಿನವರನ್ನೆಲ್ಲ ಕತೆ ಕೇಳಿದ್ದೆ. ಕತೆ ಹೇಳು ಎಂದರೆ ಯಾರೇ ಆಗಲಿ ತಮಗೆ ಗೊತ್ತಿರುವ ಅತ್ಯುತ್ತಮ ಕತೆ ಹೇಳುತ್ತಾರೆ. ಈಗ ಅತ್ಯುತ್ತಮ ಕತೆ ಸಿನಿಮಾದ್ದು. ಎಡೆಯ ಬಗ್ಗೆ ಒಬ್ಬರನ್ನೂ ಕೇಳಿರಲಿಲ್ಲ. ಅಡುಗೆ ಇತಿಹಾಸ ಎಂದು ನನಗೂ ಹೊಳೆದಿರಲಿಲ್ಲವಲ್ಲ. ಸಿನಿಮಾದವರಿಗೆ ಬೈಯುವ ನಾನೇ ರಾಣಿಗಾಗಿ ಕೋಟೆ ಹುಡುಕಿದ ಹಾಗಾಯಿತು.

ಮಾರನೆಯ ದಿನ ಪ್ರಶ್ನೆ ಬದಲಾಯಿಸಿದೆ. ರಾಣಿಯ ಸುದ್ದಿಯೇ ಎತ್ತಬಾರದು. ಎಡೆ ಹೇಗೆ ಮಾಡುತ್ತೀರಿ, ಮಾಡಿ ತೋರಿಸಿ, ಅಷ್ಟೇ. ಕೆರೆಯ ಕೆಳಗೆ ಗದ್ದೆ ಇರುವ ಪ್ರತಿ ಮನೆಯಿಂದಲೂ ತೂಬೆತ್ತುವ ದಿನ ಕಲ್ಲಿಗೆ ಎಡೆ ಹೋಗುತ್ತದೆಯಾದ್ದರಿಂದ ಪ್ರತಿ ಮನೆಯ ಹೆಂಗಸಿಗೂ ಅದು ಗೊತ್ತು. ಮೊದಲ ಮನೆಯಲ್ಲಿ ಗೃಹಿಣಿ ಸೌದೆ ಒಲೆಯ ಮುಂದೆ ಕೂತು, ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದರು. ಗೆಳೆಯ ಉರಿಗೆ ಫೋಕಸ್ ಮಾಡಿದ್ದ. ಆಮೇಲೆ ಅವರು ಬಿಸಿ ಮುದ್ದೆಯನ್ನು ಹಾಲಿಗೆ ಬಿಟ್ಟು, ಬೆರಳು ಸುಟ್ಟರೂ ಲೆಕ್ಕಿಸದೆ ಕಿವುಚತೊಡಗಿದರು.

“ಗಂಟು ಯಾಕೆ ಇರಬಾರದು ಅಕ್ಕ?”

ತಿರುಗಿಯೂ ನೋಡಲಿಲ್ಲ. “ಅಲ್ಲಿಲ್ವಲ್ಲ ಅಮ್ಮಂಗೆ. ಎಂಗ್ ಅಗೀತಾಳೆ?”

“ಯಾವಮ್ಮಂಗೆ?”

“ಏರಿಯಮ್ಮಂಗೆ. ಬೊಚ್ಚುಬಾಯಿ ಅಲ್ವಾ ಪಾಪ. ನಮ್ಮತ್ತೆ ಬಡ್ಕಳ್ಳೋರು, ಗಂಟು ಬುಟ್ರೆ ಅಮ್ಮ ಉಪಾಸ ಎದ್ದೋಯ್ತಾಳೆ ಅಂತ.”

ಮೂರು ದಿನದ ಹಿಂದೆ ಇದೇ ಹೆಂಗಸು, ಇದೇ ಮನೆಯ ನಡುಮನೆಯಲ್ಲಿ ಕೂತು, ಇಪ್ಪತ್ತು ವರ್ಷದ ರಾಣಿ ಬಿಳಿ ಕುದುರೆ ಇಳಿದು ಬೆಂಕಿಗೆ ನಡೆದಳು ಎಂದು ಕಣ್ಣು ಒದ್ದೆ ಮಾಡಿಕೊಂಡಿದ್ದರು. ಎರಡೂ ಮಾತು ಒಂದೇ ಬಾಯಲ್ಲಿ ಇದ್ದವು, ಒಂದಕ್ಕೊಂದು ಡಿಕ್ಕಿ ಹೊಡೆಯದೆ. ಸಿನಿಮಾ ನಡುಮನೆಯವರೆಗೆ ಬಂದಿತ್ತು. ಒಲೆಯವರೆಗೆ ಬಂದಿರಲಿಲ್ಲ.

ಎದುರಾಳಿ ಸಿಕ್ಕಿಬಿದ್ದ ಕ್ಷಣದಲ್ಲೇ ಮುಗಿಬೀಳುವುದು ನನ್ನ ಚಾಳಿ. ನಾಲಗೆ ತುದಿಗೆ ಬಂದಿತ್ತು: ಇಪ್ಪತ್ತಕ್ಕೇ ಹಲ್ಲು ಬಿತ್ತಾ ಅಕ್ಕ? ನುಂಗಿಕೊಂಡೆ. ಕೇಳಿದ್ದರೆ ಅವರು ನನ್ನ ಮೇಲಿನ ಹಟಕ್ಕೆ ಸಿನಿಮಾದ ಪರ ನಿಲ್ಲುತ್ತಿದ್ದರು, ಮನೆ ಮನೆಗೂ ಸುದ್ದಿ ಹೋಗಿ ಮಿಕ್ಕವರೆಲ್ಲ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುತ್ತಿದ್ದರು. ಥ್ಯಾಂಕ್ಸ್ ಹೇಳಿ ಮುಂದಿನ ಮನೆಗೆ ಹೋದೆವು. ಅಲ್ಲೂ ಹಲ್ಲಿಲ್ಲ. ಅದರಾಚೆ ಮನೆಯಲ್ಲೂ. ಒಬ್ಬರು “ಗೊತ್ತಿಲ್ಲ, ಪದ್ಧತಿ” ಅಂದರು. ಇನ್ನೊಬ್ಬರು “ವಯಸ್ಸಾದೋಳಲ್ವಾ, ಜೀರ್ಣ ಆಗ್ಬೇಕಲ್ಲ,” ಅಂದರು. ಅಧ್ಯಕ್ಷರ ತಾಯಿಯಂತೂ ತಮ್ಮ ಬೋಡು ದವಡೆ ತೋರಿಸಿ, “ನನ್ನಂಗೇ ಕಣವ್ವ ಅವ್ಳೂ. ಅದ್ಕೇ ನಾನ್ ಮಾಡೋ ಎಡೆ ಅವ್ಳ್ಗೆ ಸರ್ಯಾಗಿರ್ತದೆ,” ಎಂದು ಹೆಮ್ಮೆಪಟ್ಟರು.

ಹಾಸನಕ್ಕೆ ಬಂದು ಎಡಿಟಿಂಗಿಗೆ ಕೂತಾಗ ನನ್ನ ಕೈಯಲ್ಲಿ ನಿರೂಪಣೆಯ ಪುಟಗಳಿದ್ದವು: ಸಿನಿಮಾ, ಸ್ತ್ರೀ, ಇತಿಹಾಸ, ನೆನಪು ಎಲ್ಲವನ್ನೂ ಹಿಡಿದು ಝಾಡಿಸಿದ್ದೆ. ಒಳ್ಳೆಯ ವಾದ. ಬಹುಮಾನ ಬರುವಂಥದ್ದು. ಚಿತ್ರದ ಮೇಲೆ ಹಾಕಿ ನೋಡಿದರೆ, ಹಾಸನದಿಂದ ಬಂದ ಹುಡುಗಿಯೊಬ್ಬಳು ಊರಿನವರಿಗೆ ಪಾಠ ಹೇಳುತ್ತಿದ್ದಳು. ಪೂರ್ತಿ ತೆಗೆದುಹಾಕಿದೆ. ನನ್ನ ಒಂದೇ ಒಂದು ಪದವೂ ಬೇಡ. ಪ್ರತಿ ಹೆಂಗಸಿನ ಅಡುಗೆಮನೆಯ ಮಾತು, ತಕ್ಷಣ ಅದೇ ಹೆಂಗಸಿನ ನಡುಮನೆಯ ಮಾತು. ಅಕ್ಕಪಕ್ಕ ಇಟ್ಟು ಸುಮ್ಮನಾಗುವುದು. ವಾದ ಮಾಡಿ ಬೆಳೆದವಳಿಗೆ ಅದಕ್ಕಿಂತ ಕಷ್ಟದ ಕೆಲಸ ಇಲ್ಲ.

ಸ್ಟುಡಿಯೋದ ಯಜಮಾನರು ಇಣುಕಿದರು. “ಪಾರ್ಟಿ ಬೆಂಕಿ ಕೇಳಿದ್ರಲ್ಲಮ್ಮ?”

“ಇದೆ ಸರ್. ಮೊದಲ ಶಾಟೇ ಬೆಂಕಿ.”

ಅವರು ಒಲೆಯ ಉರಿಯನ್ನು ನೋಡಿದರು, ನನ್ನನ್ನು ನೋಡಿದರು. “ಬೈಸ್ಕಂಡ್ರೆ ನೀನೇ ಬೈಸ್ಕೋ, ನನ್ ಹೆಸ್ರು ತರ್ಬೇಡ,” ಎಂದು ಹೋದರು.

ಸಮುದಾಯ ಭವನದ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ಅಧ್ಯಕ್ಷರು ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತರು. ಅಕ್ಕ ಬಾಗಿಲ ಹತ್ತಿರ ನಿಂತಿದ್ದರು, ಎದುರಿಗೆ ಯಾರಿಗೂ ಸಿಗದ ಜಾಗದಲ್ಲಿ.

ಪರದೆಯ ತುಂಬ ಉರಿ ಎದ್ದಾಗ ಶಿಳ್ಳೆ ಬಿತ್ತು. ಕ್ಯಾಮೆರಾ ಹಿಂದೆ ಸರಿದು ಮುದ್ದೆಯ ಪಾತ್ರೆ ಕಂಡಾಗ ಶಿಳ್ಳೆ ಅರ್ಧಕ್ಕೆ ನಿಂತಿತು. ಮೊದಲ ಹೆಂಗಸು ಬಂದರು: ಅಲ್ಲಿಲ್ವಲ್ಲ ಅಮ್ಮಂಗೆ. ಆಮೇಲೆ ಅವರದೇ ಇಪ್ಪತ್ತು ವರ್ಷದ ರಾಣಿ. ಸಭೆಗೆ ಏನೂ ಅನ್ನಿಸಲಿಲ್ಲ. ಎರಡನೆಯವರು ಬಂದಾಗಲೂ ಇಲ್ಲ. ಮೂರನೆಯವರು “ಬೊಚ್ಚುಬಾಯಿ” ಅಂದ ಬೆನ್ನಿಗೇ “ಎಳೇ ಹುಡ್ಗಿ, ಗೊಂಬೆಯಂಗಿದ್ಲು” ಅಂದಾಗ ಹಿಂದಿನಿಂದ ಯಾವನೋ ಕೂಗಿದ: “ಎಳೇ ಹುಡ್ಗಿ ಅಲ್ಲು ಯಾವ್ ಕುದ್ರೆ ಒದ್ದು ಉದುರ್ಸ್ತಮ್ಮೋ!”

ಭವನ ನಗೆಯಲ್ಲಿ ಒಡೆಯಿತು. ಪರದೆಯ ಮೇಲಿದ್ದ ಹೆಂಗಸು ಸಭೆಯಲ್ಲೂ ಇದ್ದರಲ್ಲ, “ಲೇ, ನೀನ್ ಏನಂದಿದ್ದೆ ಅಂತ್ಲೂ ಬತ್ತದೆ ತಡಿಯೋ ಮುಂಡೇದೆ!” ಎಂದು ತಿರುಗಿಬಿದ್ದರು. ಕೊನೆಯಲ್ಲಿ ಅಧ್ಯಕ್ಷರ ತಾಯಿ. ನನ್ನಂಗೇ ಕಣವ್ವ ಅವ್ಳೂ. ಆಮೇಲೆ ಹಾಲಿನಂಥ ಬಿಳಿ ಕುದುರೆ. ಚಿತ್ರ ಮುಗಿಯಿತು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಅಧ್ಯಕ್ಷರ ಮುಖ ನೋಡುತ್ತಿದ್ದರು.

“ನಾನು ಎರ್ಡೂ ಏಳಿವ್ನಲ್ಲೋ!” ಅಂದರು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ.

“ಯಾವ್ದವ್ವ ನಿಜ?” ಅಂದರು ಮಗ. ಸಿಟ್ಟಿನಿಂದ ಕೇಳಿದರೋ, ತಿಳಿಯಲೆಂದೇ ಕೇಳಿದರೋ ಗೊತ್ತಾಗಲಿಲ್ಲ.

ಅಜ್ಜಿಯ ಮಡಿಲಲ್ಲಿದ್ದ ಬಲಗೈ ಬೆರಳುಗಳು ಏನನ್ನೋ ಕಿವುಚುವ ಹಾಗೆ ಆಡುತ್ತಿದ್ದವು. “ಮುದ್ದೆ ನಮ್ಮತ್ತೆ ಏಳ್ಕೊಟ್ಟಿದ್ದು ಕಣಪ್ಪ,” ಅಂದರು. “ಕುದ್ರೆ... ಕುದ್ರೆ ಟೀವೀಲಿ ಬಂದಿದ್ದು.”

ಜಮಖಾನ ಬಿಚ್ಚುವಾಗ ಅಧ್ಯಕ್ಷರು ನನ್ನ ಹತ್ತಿರ ಬಂದರು. “ಊರ್ ಮರ್ವಾದೆ ತೆಗೆದ್ಬುಟ್ರಿ ಮೇಡಂ.”

“ಊರಿನವರ ಮಾತು ಬಿಟ್ಟು ನಂದೊಂದು ಮಾತೂ ಇಲ್ಲ ಸರ್ ಅದರಲ್ಲಿ.”

“ಅದೇ ಮತ್ತೆ! ನೀವು ಮಾತಾಡಿದ್ರೆ ಬೈಬೋದಾಗಿತ್ತು.”

“ನಾಳೆ ಚಕ್ರ ಯಾರು ತಿರುಗಿಸ್ತಾರೆ?”

“ನಾಳೆ ನೋಡಾನ,” ಎಂದು ತಾಯಿಯ ಕೈ ಹಿಡಿದು ಹೊರಟರು.

ನಾನು ಗೆದ್ದೆ ಎಂದುಕೊಳ್ಳಲಿಲ್ಲ. ಕಲ್ಲಿನಲ್ಲಿರುವವಳು ಯಾರು, ವಿಧವೆಯೋ ಮುತ್ತೈದೆಯೋ, ಏನು ಮಾಡಿದಳು, ಇವತ್ತಿಗೂ ನನಗೆ ಗೊತ್ತಿಲ್ಲ. ಈ ಊರಿನ ಹೆಂಗಸರು ತಲೆಮಾರುಗಳಿಂದ ಒಬ್ಬ ಮುದುಕಿಗೆ ಉಣ್ಣಿಸುತ್ತಿದ್ದರು ಎಂಬುದಷ್ಟೇ ಗೊತ್ತು. ಅವಳು ಹಲ್ಲು ಬೀಳುವಷ್ಟು ಕಾಲ ಬದುಕಿದ್ದಳು ಎಂದು ನಂಬಿದ್ದರು. ಆ ಬದುಕನ್ನೇ ಕಿತ್ತುಕೊಂಡು ಒಂದು ಸಾವು ಕೊಟ್ಟು, ಅದಕ್ಕೆ ಗೌರವ ಎಂದು ಹೆಸರಿಟ್ಟರಲ್ಲ, ನನ್ನ ತಕರಾರು ಅದು.

ಬೆಳಿಗ್ಗೆ ಏರಿಯ ಮೇಲೆ ಜನ ಸೇರಿದ್ದರು. ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆಯುಟ್ಟು, ಎಡೆಯ ಬೋಗುಣಿ ಹಿಡಿದು ಮುಂದೆ ನಿಂತಿದ್ದರು. ಅಕ್ಕ ಜನರ ಹಿಂದೆ. ಅಧ್ಯಕ್ಷರು ಯಾರನ್ನೂ ಕರೆಯದೆ ನೀರನ್ನೇ ನೋಡುತ್ತಿದ್ದರು. ಅವರ ಹೆಂಡತಿಯೇ ತಿರುಗಿ ಕೂಗಿದರು: “ಬಾರಕ್ಕ, ಎಷ್ಟೊತ್ತು ಕಾಯ್ಸೀಯೆ? ಮುದ್ದೆ ಆರೋಯ್ತದೆ. ಚಕ್ರ ನಂಗ್ ತಿರುಗ್ಸಕ್ ಬರಕಿಲ್ಲ.”

ಜನ ದಾರಿ ಬಿಟ್ಟರು. ಅಕ್ಕ ಎಲ್ಲರ ಎದುರಿನಿಂದಲೇ ನಡೆದು ಬಂದರು. ಯಾರೂ ಮುಖ ತಿರುಗಿಸಲಿಲ್ಲ. ಚಕ್ರ ಕಿರುಗುಟ್ಟಿತು, ಒಳಗೆಲ್ಲೋ ನೀರು ಗುಡುಗಿತು, ಕೆಳಗೆ ಕಾಲುವೆಯಲ್ಲಿ ಕೆಸರು ಬಣ್ಣದ ಮೊದಲ ನೀರು ನುಗ್ಗಿತು. ಊರ ಬಾಗಿಲಿನ ಫ್ಲೆಕ್ಸ್ ಮಾತ್ರ ಇದ್ದಲ್ಲೇ ಇತ್ತು. ಅದನ್ನು ಬಿಚ್ಚುವ ಮಾತು ಯಾರೂ ಆಡಿರಲಿಲ್ಲ.

ಎಡೆ ಇಟ್ಟು ಹಿಂತಿರುಗುವಾಗ, ಆ ವರ್ಷವೇ ಮದುವೆಯಾಗಿ ಊರಿಗೆ ಬಂದಿದ್ದ ಸೊಸೆಯೊಬ್ಬಳು ಅಕ್ಕನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು, “ಅಕ್ಕಾ, ರಾಣೀಗೆ ಬೆಂಕಿಗ್ ಬಿದ್ದಾಗ್ಲೇ ಅಲ್ಲೆಲ್ಲ ಉದ್ರೋಗಿದ್ದಾ?”

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎಷ್ಟು ಹೇಳಿದರೂ ಬೆಂಕಿ ಆರುವುದಿಲ್ಲ. ಹಲ್ಲನ್ನೂ ನುಂಗಿಕೊಂಡು ಉರಿಯುತ್ತದೆ. ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನಿಂತರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

“ಇಲ್ಲ ಕಣ್ ಮಗಾ,” ಅಂದರು. “ಬಾಳಿ ಬಾಳಿ ಉದ್ರೋದ್ವು. ನೋಡು, ನಂಗೂ ಸುರುವಾಗದೆ.”

ಬಾಯಿ ಅಗಲಿಸಿ, ದವಡೆಯ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿದರು. ಹುಡುಗಿ ಬಗ್ಗಿ, ಚೆನ್ನಾಗಿಯೇ ನೋಡಿದಳು.